ಇವತ್ತು ಎಲ್ಲಿ ಆಟ? ಯಕ್ಷಗಾನ ಮತ್ತು ಕರಾವಳಿಯ ಗುರುತು: ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯಲ್ಲಿ ಯಕ್ಷಗಾನಕ್ಕೆ ‘ಆಟ’ ಎನ್ನುತ್ತಾರೆ. ‘ಇವತ್ತು ಎಲ್ಲಿ ಆಟ?’ ಎಂದರೆ ಸಾಕು, ಯಾವ ಆಟ ಎಂದು ಯಾರೂ ಮರಳಿ ಕೇಳುವುದಿಲ್ಲ. ಆಟ ನೋಡುತ್ತಲೇ ಬೆಳೆದವನು ನಾನು. ಅದರ ಬಗ್ಗೆ ಬರೆಯಲು, ಮಾತನಾಡಲು ತೊಡಗಿದ ಮೇಲೆ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗಿವೆ. ವೇಷವಿಲ್ಲದೆ ಕುಳಿತು ವಾದಿಸುವ ತಾಳಮದ್ದಳೆ ಮುಗಿದ ಮೇಲಿನ ಚಹಾದ ಹೊತ್ತಿನಲ್ಲಿ ಕೇಳಿದವು ಕೆಲವು, ಓದುಗರು ಪತ್ರದಲ್ಲಿ ಬರೆದವು ಕೆಲವು, ಬೆಂಗಳೂರಿನ ಗೆಳೆಯರು ಊಟದ ನಡುವೆ ಎತ್ತಿದವು ಕೆಲವು. ಕೇಳಿದವರ ಮಾತಿನಲ್ಲಿಯೇ ಅವನ್ನು ಇಲ್ಲಿ ಇಟ್ಟಿದ್ದೇನೆ.

## ಮೊದಲು ಕೇಳುವವು

ಯಕ್ಷಗಾನ ಎಂದರೆ ಕುಣಿತವೋ, ನಾಟಕವೋ, ಸಂಗೀತವೋ? ಒಂದೇ ಮಾತಿನಲ್ಲಿ ಹೇಳಿ.

ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಭಾಗವತರು ಪದ ಹಾಡುತ್ತಾರೆ. ಮದ್ದಳೆ, ಚೆಂಡೆ ಜೊತೆಗಿರುತ್ತವೆ. ಇದು ಹಿಮ್ಮೇಳ. ವೇಷ ಕಟ್ಟಿದವರು ಆ ಪದಕ್ಕೆ ಕುಣಿಯುತ್ತಾರೆ, ಪದ ನಿಂತ ಕೂಡಲೇ ಅದರ ಅರ್ಥವನ್ನು ಮಾತಿನಲ್ಲಿ ಬೆಳೆಸುತ್ತಾರೆ. ಇದು ಮುಮ್ಮೇಳ. ಮುಖ್ಯವಾದ ಸಂಗತಿ ಏನೆಂದರೆ, ಪ್ರಸಂಗದ, ಅಂದರೆ ಆಡುವ ಕಥೆಯ, ಪುಸ್ತಕದಲ್ಲಿ ಇರುವುದು ಪದ್ಯಗಳು ಮಾತ್ರ. ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಕೃಷ್ಣನೂ ಕೌರವನೂ ಆ ರಾತ್ರಿ ಏನು ವಾದಿಸುತ್ತಾರೆ ಎಂಬುದು ಆ ರಾತ್ರಿಯೇ ಹುಟ್ಟಬೇಕು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಿನಿಮಾದಲ್ಲಿ ನೋಡಿದ್ದೇವಲ್ಲ, ಮುಖಕ್ಕೆ ಹಳದಿ ಬಳಿದುಕೊಂಡು ಕೂಗುತ್ತಾರೆ, ಅದೇ ತಾನೆ ಯಕ್ಷಗಾನ?

ಅಲ್ಲ, ಅದು ಭೂತಾರಾಧನೆ, ದೈವದ ಕೋಲ. ‘ಕಾಂತಾರ’ ಸಿನಿಮಾ ಬಂದ 2022ರಿಂದ ಈಚೆಗೆ ಈ ಗೊಂದಲ ಹೆಚ್ಚಾಗಿದೆ. ಕೋಲದಲ್ಲಿ ದೈವವೇ ಮೈದುಂಬಿ ಬಂದು ಊರವರ ಜೊತೆ ಮಾತನಾಡುತ್ತದೆ ಎಂಬುದು ನಂಬಿಕೆ. ಅಲ್ಲಿ ಕೈಕಟ್ಟಿ ನಿಲ್ಲುವವರು ಭಕ್ತರು. ಆಟದಲ್ಲಿ ಕೂತಿರುವವರು ಪ್ರೇಕ್ಷಕರು. ಭಾಷೆಯೂ ಬೇರೆ: ತುಳುನಾಡಿನ ದೈವದ ನುಡಿ ತುಳು, ಅದರ ಕಥೆ ಪಾಡ್ದನ ಎಂಬ ತುಳು ಹಾಡು. ಯಕ್ಷಗಾನದ ಮಾತು ಬಹುಪಾಲು ಕನ್ನಡ. ಒಂದೇ ಊರಿನ ಒಂದೇ ಜನ ಒಂದು ರಾತ್ರಿ ತುಳುವಿನಲ್ಲಿ ಕಷ್ಟ ಹೇಳಿಕೊಂಡು, ಮರುರಾತ್ರಿ ಕನ್ನಡದಲ್ಲಿ ಮಹಾಭಾರತ ಕೇಳುತ್ತಾರೆ.

ತೆಂಕು, ಬಡಗು ಎಂದು ನಿಮ್ಮೊಳಗೇ ಯಾಕೆ ವಾದ?

ತೆಂಕುತಿಟ್ಟು ಎಂದರೆ ಮಂಗಳೂರು, ಕಾಸರಗೋಡು ಕಡೆಯ ಶೈಲಿ. ಬಡಗುತಿಟ್ಟು ಉಡುಪಿ, ಕುಂದಾಪುರದಿಂದ ಉತ್ತರಕ್ಕೆ, ಉತ್ತರ ಕನ್ನಡದವರೆಗೆ. ತೆಂಕಿನ ಕಿರೀಟ, ಚೆಂಡೆ ಎರಡರಲ್ಲೂ ಕೇರಳದ ನೆರಳು ಕಾಣುತ್ತದೆ. ಬಡಗಿನವರು ತಲೆಗೆ ಕಟ್ಟುವ ಕೇದಗೆ ಮುಂದಲೆಯ ಚೆಲುವೇ ಬೇರೆ. ತೆಂಕಿನವರು ನೆಗೆದು ಸುತ್ತುವ ಧೀಂಗಿಣ ಹಾಕಿದರೆ ಬಡಗಿನವರು ಮಂಡಿ ತಿರುಗುತ್ತಾರೆ. ಯಾವುದು ಮೇಲು ಎಂದು ಬೆಳಗಾಗುವವರೆಗೆ ವಾದಿಸುವವರನ್ನು ನಾನು ಬಲ್ಲೆ. ವಾದ ಮುಗಿದಿದ್ದನ್ನು ಮಾತ್ರ ಕಂಡಿಲ್ಲ. ಊರಿನ ಗುರುತು ಎಷ್ಟು ಸಣ್ಣ ಅಳತೆಯದು ಎಂಬುದಕ್ಕೆ ಇದು ಸಾಕ್ಷಿ. ಚೆಂಡೆಯ ಒಂದು ಪೆಟ್ಟು ಕೇಳಿದರೆ ಸಾಕು, ಇದು ಯಾವ ಹೊಳೆಯ ಯಾವ ದಡದ ಮೇಳ (ತಂಡ) ಎಂದು ಹಳಬರು ಹೇಳಿಬಿಡುತ್ತಾರೆ.

ರಾತ್ರಿಯಿಡೀ ನಿದ್ದೆಗೆಟ್ಟು ನೋಡುವಂಥದ್ದು ಏನಿದೆ?

ನಾನು ಹೇಳುವುದಕ್ಕಿಂತ ಒಂದು ದೃಶ್ಯ ನೋಡಿ. ಗದ್ದೆಯಲ್ಲಿ ರಂಗಸ್ಥಳ, ಪ್ರಸಂಗ ದೇವೀ ಮಹಾತ್ಮೆ. ನಡುರಾತ್ರಿ ದಾಟಿದೆ. ಚಾಪೆಯ ಮೇಲೆ ಮಕ್ಕಳು ಮಲಗಿದ್ದಾರೆ, ಚರುಮುರಿ ಅಂಗಡಿಯವನೂ ತೂಕಡಿಸುತ್ತಿದ್ದಾನೆ. ಒಮ್ಮೆಲೇ ಚೆಂಡೆಯ ಅಬ್ಬರ ಏರುತ್ತದೆ, ಆದರೆ ರಂಗಸ್ಥಳ ಖಾಲಿ. ತಿರುಗಿ ನೋಡಿದರೆ ಜನರ ಬೆನ್ನ ಹಿಂದೆ, ಕತ್ತಲಲ್ಲಿ, ಎರಡು ದೊಂದಿಗಳು. ಅವುಗಳ ನಡುವೆ ಕೋಡು ಹೊತ್ತ ಮಹಿಷಾಸುರ. ದೊಂದಿಗೆ ರಾಳದ ಪುಡಿ ಎರಚಿದಾಗೆಲ್ಲ ಬೆಂಕಿ ಆಳೆತ್ತರ ಏಳುತ್ತದೆ. ಅವನು ಪ್ರೇಕ್ಷಕರ ನಡುವೆಯೇ ಘರ್ಜಿಸುತ್ತ ಬರುತ್ತಾನೆ. ಎಚ್ಚರಗೊಂಡ ಮಗು ಅಜ್ಜಿಯ ಸೆರಗು ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತದೆ, ಬೆರಳ ಸಂದಿಯಿಂದ ನೋಡುತ್ತದೆ. ಆ ಮಗು ಒಂದು ಕಾಲದಲ್ಲಿ ನಾನಾಗಿದ್ದೆ. ಆ ರಾಳದ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಊರು ಬಂತು ಅನ್ನಿಸುತ್ತದೆ.

ಈಗ ರಾತ್ರಿ 10ರ ನಂತರದ ಧ್ವನಿವರ್ಧಕದ ನಿಯಮದಿಂದಾಗಿ, ಜನರ ಬದುಕಿನ ವೇಗದಿಂದಾಗಿ, ಅನೇಕ ಕಡೆ ಆಟ ನಡುರಾತ್ರಿಗೇ ಮುಗಿಯುತ್ತದೆ. ಕಾಲಮಿತಿಯ ಆಟವನ್ನು ನಾನು ಕೀಳು ಎನ್ನುವುದಿಲ್ಲ. ಆದರೆ ಬೆಳಗಿನ ಜಾವದ ರಾಗಗಳನ್ನು ಬೆಳಗಿನ ಜಾವದಲ್ಲಿಯೇ ಕೇಳುವ ಸುಖ ಅದರಲ್ಲಿ ಇಲ್ಲ.

## ಭಾಷೆ ಮತ್ತು ಗಡಿ

ಮನೆಮಾತು ತುಳು, ಕೊಂಕಣಿ, ಮಲಯಾಳಂ. ಆಟ ಮಾತ್ರ ಕನ್ನಡ. ಇದು ಹೇಗಾಯಿತು?

ನನಗೆ ತುಂಬ ಪ್ರಿಯವಾದ ಪ್ರಶ್ನೆ ಇದು. 2011ರ ಜನಗಣತಿಯಲ್ಲಿ ತುಳುವನ್ನು ತಾಯಿನುಡಿ ಎಂದು ಬರೆಸಿದವರು ಸುಮಾರು 18 ಲಕ್ಷ. ಅವರ ಬಹುಪಾಲು ನೆಲೆ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು. ಯಕ್ಷಗಾನದ ಹೃದಯವೂ ಅದೇ. ಇನ್ನು ಆಡಳಿತ ನೋಡಿ. 1956ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು, ಉತ್ತರ ಕನ್ನಡ ಬೊಂಬಾಯಿಗೆ. ಮೈಸೂರಿನ ಅರಮನೆ ಘಟ್ಟದ ಆಚೆಗಿತ್ತು. ಕನ್ನಡ ರಾಜ್ಯ ಎಂಬುದೇ ಇಲ್ಲದ ಕಾಲದಲ್ಲಿ, ಕನ್ನಡ ಮನೆಮಾತಲ್ಲದ ಜನರ ನಡುವೆ, ಕನ್ನಡ ರಾತ್ರಿಯಿಂದ ರಾತ್ರಿಗೆ ಗದ್ದೆಯಿಂದ ಗದ್ದೆಗೆ ಹೋಯಿತು. ಅದನ್ನು ಹೊತ್ತುಕೊಂಡು ಹೋದವರು ಮೇಳದವರು.

ಶಾಲೆಯ ಮೆಟ್ಟಿಲು ಹತ್ತದ ಕೃಷಿಕ ‘ನಾನು ಅನ್ಯಾಯವನ್ನು ಸಹಿಸತಕ್ಕವನಲ್ಲ’ ಎಂದು ತುಂಬು ಕನ್ನಡದಲ್ಲಿ ಹೇಳುತ್ತಿದ್ದುದನ್ನು ನಾನು ಕೇಳಿದ್ದೇನೆ. ಅವರು ಅದನ್ನು ಕಲಿತದ್ದು ಕೌರವನ ಬಾಯಿಂದ. ಕರಾವಳಿಯವರ ಕನ್ನಡ ಪುಸ್ತಕದಂತೆ ಇದೆ ಎಂದು ಘಟ್ಟದ ಮೇಲಿನವರು ಹೇಳುವುದುಂಟು. ಶಾಲೆಯದೂ ಅದರಲ್ಲಿ ಪಾಲಿದೆ ನಿಜ, ಆದರೆ ಶಾಲೆಗಿಂತ ಮೊದಲು ಕಿವಿಗೆ ಬಿದ್ದದ್ದು ಆಟದ ಕನ್ನಡ. ಹುಟ್ಟಿನಿಂದ ಬಾರದ ಭಾಷೆಯೊಂದನ್ನು ಕೇಳಿ ಕೇಳಿ ತಮ್ಮದಾಗಿಸಿಕೊಂಡ ಜನ ಇವರು. ಇವರ ಕನ್ನಡತನ ಯಾರಿಗೂ ಕಡಿಮೆಯದಲ್ಲ, ತುಳುತನವೂ ಸವೆದಿಲ್ಲ. ಎರಡೂ ಒಂದೇ ಮೈಯಲ್ಲಿ ಜಗಳವಿಲ್ಲದೆ ಇವೆ.

ಆಟದಲ್ಲಿ ಒಂದು ಇಂಗ್ಲಿಷ್ ಪದ ಬಂದರೆ ಏನು ಮಹಾ? ಅಷ್ಟು ಮಡಿ ಏಕೆ?

ಹಾಸ್ಯಗಾರನಿಗೆ ಸ್ವಲ್ಪ ಸಲಿಗೆ ಉಂಟು. ಉಳಿದವರ ಬಾಯಲ್ಲಿ ಇಂಗ್ಲಿಷ್ ಬಂದರೆ ಸಭೆಯಲ್ಲಿ ಗುಸುಗುಸು ಆರಂಭವಾಗುತ್ತದೆ. ಇದು ಮಡಿಯಲ್ಲ, ಕಸುಬು. ದ್ವಾಪರಯುಗದ ಭೀಮನ ಬಾಯಲ್ಲಿ ‘ಟೈಮ್’ ಎಂಬ ಪದ ಬಂದ ಕ್ಷಣ ಕಟ್ಟಿದ ಲೋಕ ಬಿರುಕು ಬಿಡುತ್ತದೆ. ಆ ಬಿರುಕು ಬಾರದಂತೆ ಬರೆದಿಡದ ಮಾತನ್ನು ಗಂಟೆಗಟ್ಟಲೆ ಆಡುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಹತ್ತು ನಿಮಿಷ ನೀವೇ ಪ್ರಯತ್ನಿಸಿ ನೋಡಿ. ವೇಷವೂ ಕುಣಿತವೂ ಇಲ್ಲದೆ ಕುಳಿತು ವಾದಿಸುವ ತಾಳಮದ್ದಳೆಯಲ್ಲಂತೂ ಕಲಾವಿದನಿಗೆ ಭಾಷೆ ಬಿಟ್ಟರೆ ಬೇರೆ ಆಸರೆಯೇ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೋ ರಾವಣನನ್ನೋ ಕೇಳಿದವರು ಇಂದಿಗೂ ಆ ವಾದದ ಎಳೆಗಳನ್ನು ನೆನಪಿನಿಂದ ಹೇಳುತ್ತಾರೆ.

ಹಾಗಾದರೆ ತುಳುವಿನಲ್ಲಿ ಯಕ್ಷಗಾನ ಇಲ್ಲವೆ? ಕನ್ನಡವು ತುಳುವನ್ನು ಮೂಲೆಗೆ ತಳ್ಳಿತು ಅನ್ನಿಸುವುದಿಲ್ಲವೆ?

ಇದೆ. ತುಳುವಿನಲ್ಲಿ ಪ್ರಸಂಗ ರಚನೆ 19ನೇ ಶತಮಾನದಲ್ಲಿಯೇ ಆರಂಭವಾಗಿತ್ತು. 20ನೇ ಶತಮಾನದ ಉತ್ತರಾರ್ಧದಲ್ಲಿ ಟಿಕೆಟಿನ ಡೇರೆ ಮೇಳಗಳು ಬೆಳೆದಾಗ ತುಳು ಪ್ರಸಂಗಗಳು ಗಟ್ಟಿಯಾಗಿ ನೆಲೆಯೂರಿದವು. ಕೋಟಿ ಚೆನ್ನಯರಂಥ ತುಳುನಾಡಿನ ವೀರರು ಪಾಡ್ದನದಿಂದ ರಂಗಸ್ಥಳಕ್ಕೆ ಬಂದರು. ಪುರಾಣದ ಅರಸರ ಪಕ್ಕದಲ್ಲಿ ತಮ್ಮ ಊರಿನ ಗರಡಿಯ ವೀರರು ಕಿರೀಟ ಧರಿಸಿ ನಿಂತದ್ದನ್ನು ನೋಡಿದ ಜನರಿಗೆ ಆದ ಹೆಮ್ಮೆ ದೊಡ್ಡದು.

ನಿಮ್ಮ ಎರಡನೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕನ್ನಡ ಗಂಭೀರ ಮಾತಿಗೆ, ತುಳು ನಗಿಸುವುದಕ್ಕೆ ಎಂಬ ಒಂದು ಏಣಿಶ್ರೇಣಿ ಬಹುಕಾಲ ಇತ್ತು. ತುಳು ಪ್ರಸಂಗಗಳು ಆ ಏಣಿಯನ್ನು ಕದಲಿಸಿದವು. ‘ಪರಂಪರೆ ಕೆಟ್ಟಿತು’ ಎಂದು ಆಗ ಆಕ್ಷೇಪಿಸಿದವರು ಇದ್ದರು. ತುಳುವಿನಲ್ಲಿ ಅಳಲು, ಆಜ್ಞಾಪಿಸಲು, ಧರ್ಮ ವಿಚಾರಿಸಲು ಬರುತ್ತದೆ ಎಂದು ಸಾವಿರಾರು ಜನರ ಮುಂದೆ ತೋರಿಸಿದ್ದು ಸಣ್ಣ ಕೆಲಸವಲ್ಲ ಎಂಬುದು ನನ್ನ ಅಭಿಪ್ರಾಯ.

ಕಾಸರಗೋಡು ಕೇರಳದಲ್ಲಿದೆ. ಅಲ್ಲಿಯ ಯಕ್ಷಗಾನ ಕೇರಳದ್ದೋ, ಕರ್ನಾಟಕದ್ದೋ?

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಜಾರಿಗೆ ಬರಲಿಲ್ಲ. ಸರ್ಕಾರದ ಭಾಷೆ ಮಲಯಾಳಂ ಆಯಿತು. ಹೀಗಿರುವಾಗ ಅಲ್ಲಿಯ ಕನ್ನಡಿಗರು ಕನ್ನಡವನ್ನು ಎಲ್ಲಿ ಉಳಿಸಿಕೊಂಡರು? ಕನ್ನಡ ಶಾಲೆಗಳಲ್ಲಿ, ಪತ್ರಿಕೆಗಳಲ್ಲಿ, ಹಾಗೆಯೇ ಆಟದಲ್ಲಿ, ತಾಳಮದ್ದಳೆಯಲ್ಲಿ.

ತೆಂಕುತಿಟ್ಟಿನ ಪಿತಾಮಹ ಎಂದು ಅನೇಕರು ಗೌರವಿಸುವ ಪಾರ್ತಿಸುಬ್ಬ ಕುಂಬಳೆಯವನು. ಇಂದಿಗೂ ಆಡುವ ಎಷ್ಟೋ ರಾಮಾಯಣ ಪ್ರಸಂಗಗಳ ಜೊತೆ ಅವನ ಹೆಸರಿದೆ. ಅದೇ ಕುಂಬಳೆಯಲ್ಲಿ ಹುಟ್ಟಿದ ಸುಂದರ ರಾವ್ ಪ್ರಾಸದ ಮಾತಿಗೆ ಹೆಸರಾದ ಅರ್ಥಧಾರಿ, ಅಂದರೆ ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತನಾಡುವ ಕಲಾವಿದ. 1994ರಲ್ಲಿ ಸುರತ್ಕಲ್‌ನಿಂದ ಗೆದ್ದು ಅವರು ಕರ್ನಾಟಕದ ವಿಧಾನಸಭೆಗೆ ಹೋದರು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರು ಸುಪ್ರೀಂ ಕೋರ್ಟಿನ 1973ರ ತೀರ್ಪಿನಿಂದಾಗಿ ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಗೂ ಗೊತ್ತು. ಅವರು ಭಾಗವತಿಕೆ ಹಾಡುತ್ತಿದ್ದರು, ಯಕ್ಷಗಾನಕ್ಕೆ ದೊಡ್ಡ ಆಶ್ರಯವಾಗಿದ್ದರು ಎಂಬುದು ಕರಾವಳಿಯ ಹೊರಗೆ ಕಡಿಮೆ ಜನರಿಗೆ ತಿಳಿದಿದೆ.

ಆದ್ದರಿಂದ ನನ್ನ ಉತ್ತರ: ಭೂಪಟದಲ್ಲಿ ಕೇರಳದ್ದು, ನುಡಿಯಲ್ಲಿ ಕನ್ನಡದ್ದು, ಚೆಂಡೆಯಲ್ಲಿ ಎರಡು ನಾಡಿನದೂ. ಮೇಳದ ಲಾರಿ ಗಡಿಯ ತಲಪಾಡಿ ದಾಟುವಾಗ ಭಾಗವತರ ರಾಗ ಬದಲಾಗುವುದಿಲ್ಲ.

## ಯಾರದು ಈ ಕಲೆ?

ನಾನು ಕಲಬುರಗಿಯವನು. ಯಕ್ಷಗಾನವನ್ನು ಇಡೀ ಕರ್ನಾಟಕದ ಗುರುತು ಎಂದು ತೋರಿಸುವುದು ನ್ಯಾಯವೆ?

ನಿಮ್ಮ ಅಸಮಾಧಾನ ಸರಿಯಾದದ್ದೇ. ನಿಮ್ಮ ಕಡೆ ದೊಡ್ಡಾಟ, ಸಣ್ಣಾಟಗಳಿವೆ. ಬಯಲುಸೀಮೆಯ ಮೂಡಲಪಾಯವೂ ಯಕ್ಷಗಾನದ ಬಳಗದ್ದೇ. ಅವುಗಳಿಗೆ ಊರೂರು ತಿರುಗುವ ಮೇಳಗಳ ಬೆನ್ನೆಲುಬು ಇರಲಿಲ್ಲ. ಹಬ್ಬಕ್ಕೊಮ್ಮೆ ಊರವರೇ ಕಲಿತು ಆಡುವ ಪದ್ಧತಿ ಹೆಚ್ಚು. ಕರಾವಳಿಯಲ್ಲಾದರೆ ದೀಪಾವಳಿಯ ನಂತರ ಗೆಜ್ಜೆ ಕಟ್ಟಿದ ಕಲಾವಿದ ಮೇ ತಿಂಗಳಲ್ಲಿ ತಿರುಗಾಟ ಮುಗಿಯುವ ಪತ್ತನಾಜೆಯ ದಿನದವರೆಗೆ ಹೆಚ್ಚುಕಡಿಮೆ ಪ್ರತಿ ರಾತ್ರಿ ಕುಣಿಯುತ್ತಾನೆ. ಅದು ಅವನ ಜೀವನೋಪಾಯ. ಹಾಗಾಗಿ ಕಲೆ ಕಣ್ಣಿಗೆ ಬಿತ್ತು, ಚಿತ್ರವಾಯಿತು, ಲಾಂಛನವಾಯಿತು. ಕಣ್ಣಿಗೆ ಬಿದ್ದದ್ದೇ ಇಡೀ ನಾಡಿನ ಮುಖ ಎಂದರೆ ಡೊಳ್ಳು, ಕಂಸಾಳೆ, ಕೊಡವರ ಉಮ್ಮತ್ತಾಟ್, ನಿಮ್ಮ ದೊಡ್ಡಾಟ ಎಲ್ಲವಕ್ಕೂ ಅನ್ಯಾಯವಾಗುತ್ತದೆ.

ಕೇರಳಕ್ಕೆ ಕಥಕಳಿ ಇದ್ದ ಹಾಗೆ ನಮಗೆ ಯಕ್ಷಗಾನ ಏಕೆ ಆಗಲಿಲ್ಲ?

ಕಥಕಳಿಗೆ 1930ರಲ್ಲಿಯೇ ಕವಿ ವಳ್ಳತ್ತೋಳ್ ನಾರಾಯಣ ಮೆನನ್ ಮತ್ತು ಗೆಳೆಯರು ಕಲಾಮಂಡಲಂ ಎಂಬ ಶಾಲೆ ಕಟ್ಟಿದರು. ಒಂದು ಭಾಷೆ, ಒಂದು ನಾಡು ಎಂಬ ಕನಸಿಗೂ ಒಂದು ಕಲೆಗೂ ಆಗಲೇ ಗಂಟು ಬಿತ್ತು. ನಮ್ಮಲ್ಲಿ ಕರಾವಳಿಯೇ ಎರಡು ಪ್ರಾಂತಗಳಾಗಿ ಹರಿದಿತ್ತು. ಮೈಸೂರಿನ ಆಸ್ಥಾನ ಕರ್ನಾಟಕ ಸಂಗೀತವನ್ನೂ ಭರತನಾಟ್ಯವನ್ನೂ ಸಾಕಿತು. ಹೊನ್ನಾವರದ ಬಳಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದಾಗ ಬೆನ್ನಿಗೆ ಯಾವ ಸರ್ಕಾರವೂ ಇರಲಿಲ್ಲ.

ಕೇಂದ್ರ ಸಂಗೀತ ನಾಟಕ ಅಕಾಡೆಮಿ ಶಾಸ್ತ್ರೀಯ ಎಂದು ಗುರುತಿಸಿರುವ 8 ನೃತ್ಯಗಳಲ್ಲಿ ಯಕ್ಷಗಾನ ಇಲ್ಲ. ಇದಕ್ಕಾಗಿ ದುಃಖಿಸುವವರು ಬಹಳ. ನನಗೆ ದುಃಖ ಸ್ವಲ್ಪವೇ. ಕಟೀಲಿನಲ್ಲೋ ಮಂದಾರ್ತಿಯಲ್ಲೋ ಹರಕೆಯ ಆಟಕ್ಕೆ ವರ್ಷಗಟ್ಟಲೆ ಕಾಯುವ ಮನೆಯವರು ಇದ್ದಾರೆ. ಮಗುವಿಗೆ ಜ್ವರ ಬಿಟ್ಟರೆ, ಮಗಳಿಗೆ ಮದುವೆಯಾದರೆ ಆಟ ಆಡಿಸುತ್ತೇವೆ ಎಂದು ಹೇಳಿಕೊಂಡವರು. ಅನುದಾನದ ಕಡತವಿಲ್ಲದೆ ಊರಿನ ಹಣದಿಂದ ಬದುಕುವ ಕಲೆಗೆ ಪಟ್ಟದ ಅವಸರವಿಲ್ಲ.

ದೇವಸ್ಥಾನದ ಮೇಳ, ಪುರಾಣದ ಕಥೆ. ಇದು ಹಿಂದೂಗಳ ಕಲೆ ತಾನೆ? ಉಳಿದವರಿಗೆ ಇಲ್ಲಿ ಏನಿದೆ?

ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಗಣಪತಿ ಪೂಜೆಯಾಗದೆ ಆಟ ಹೊರಡುವುದಿಲ್ಲ. ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಪ್ರಸಂಗ ನೋಡಿ: ಮೂಲ್ಕಿಯ ದುರ್ಗೆಯ ಗುಡಿಯ ಕಥೆಯಲ್ಲಿ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕನೇ ಮುಖ್ಯ ಪಾತ್ರ. ಶೇಣಿಯವರು ಆ ಪಾತ್ರವನ್ನು ಎಷ್ಟು ಘನತೆಯಿಂದ ಕಟ್ಟಿದರು ಎಂದರೆ ಅದು ಅವರ ಹೆಸರಿಗೇ ಅಂಟಿಕೊಂಡಿತು. ನಮ್ಮ ಕಾಲದಲ್ಲಿ ಜಬ್ಬಾರ್ ಸಮೋ ಸಂಪಾಜೆಯವರು ತಾಳಮದ್ದಳೆಯ ಪ್ರಮುಖ ಅರ್ಥಧಾರಿಗಳಲ್ಲಿ ಒಬ್ಬರು. ಅವರು ರಾಮನ ಪರ ವಾದಿಸುವಾಗ ಸಭೆ ಕೇಳುವುದು ವಾದವನ್ನು. ಕರಾವಳಿಯಲ್ಲಿ ಧರ್ಮದ ಹೆಸರಿನ ಬಿರುಕು ಎಷ್ಟು ಆಳವಾಗಿದೆ ಎಂದು ನನಗೆ ಗೊತ್ತು. ಆದ್ದರಿಂದಲೇ ಆ ಸಭೆಯಲ್ಲಿ ಕುಳಿತಾಗ ನನ್ನ ಎದೆ ತುಂಬಿ ಬರುತ್ತದೆ.

ಹೆಂಗಸರಿಗೆ ಇಷ್ಟು ಕಾಲ ಜಾಗ ಇರಲಿಲ್ಲವಲ್ಲ? ಆಗ ‘ನಮ್ಮೆಲ್ಲರ ಕಲೆ’ ಎಂದದ್ದು ಯಾರು?

ಗಂಡಸರು. ಸ್ತ್ರೀವೇಷವನ್ನೂ ಗಂಡಸರೇ ಮಾಡಿದರು. ಕೋಳ್ಯೂರು ರಾಮಚಂದ್ರ ರಾಯರಂಥವರು ಅದನ್ನು ಬಹಳ ಎತ್ತರಕ್ಕೆ ಒಯ್ದರು ಎಂಬುದೂ ನಿಜ. ಆಟ ನೋಡುವವರ ಸಾಲಿನಲ್ಲಿ ಹೆಂಗಸರು ಸದಾ ಇದ್ದರು, ಹರಕೆ ಹೊತ್ತವರಲ್ಲಿಯೂ ಇದ್ದರು. ರಂಗಸ್ಥಳದಲ್ಲಿ ಮಾತ್ರ ಇರಲಿಲ್ಲ. ಕಾಸರಗೋಡಿನ ಕಡೆಯಿಂದ ಬಂದ ಲೀಲಾವತಿ ಬೈಪಾಡಿತ್ತಾಯರು ವೃತ್ತಿಪರ ಮೇಳದಲ್ಲಿ ಭಾಗವತಿಕೆ ಮಾಡಿದ ಮೊದಲ ಮಹಿಳೆ. ರಾತ್ರಿಯಿಂದ ರಾತ್ರಿಗೆ ತಿರುಗಾಟ ಮಾಡಿ, ಗಂಡು ವೇಷಗಳನ್ನು ಕುಣಿಸಿದ ಕಂಠ ಅದು. ಈಗ ಹುಡುಗಿಯರ ತಂಡಗಳು ಹಲವು. ಉಡುಪಿಯ ಪ್ರೌಢಶಾಲೆಗಳಲ್ಲಿ ಕಲಿತು ಗೆಜ್ಜೆ ಕಟ್ಟುವವರಲ್ಲಿ ಅವರೇ ಮುಂದಿನ ಸಾಲಿನಲ್ಲಿರುತ್ತಾರೆ. ದೊಡ್ಡ ವೃತ್ತಿ ಮೇಳಗಳ ಬಾಗಿಲು ಇನ್ನೂ ಪೂರ್ತಿ ತೆರೆದಿಲ್ಲ. ತೆರೆಯಬೇಕು.

## ಇನ್ನಷ್ಟು ಆಳಕ್ಕೆ

ಭಾಷೆ ಬಾರದವರಿಗೂ ಮುಟ್ಟುವಂತೆ ಮಾತು ತೆಗೆದು ಬರೀ ಕುಣಿತ ಇಟ್ಟರೆ ಆಗದೆ?

ಶಿವರಾಮ ಕಾರಂತರು ಅದನ್ನೇ ಮಾಡಿದರು. ಮಾತು ಬಿಟ್ಟು, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ, ಅವಧಿ ಕುಗ್ಗಿಸಿ ಯಕ್ಷಗಾನ ಬ್ಯಾಲೆ ಕಟ್ಟಿದರು, ಹೊರದೇಶಗಳಿಗೂ ಒಯ್ದರು. ಅವರು ಹಗುರವಾಗಿ ಕೈಹಾಕಿದವರಲ್ಲ. ಹಳೆಯ ಪದಗಳ ರಾಗ, ವೇಷಗಳ ಬಣ್ಣ ಎಲ್ಲವನ್ನೂ ಊರೂರು ಅಲೆದು ಹುಡುಕಿದವರು. ಯಕ್ಷಗಾನ ಬಯಲಾಟದ ಬಗೆಗಿನ ಅವರ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕುಣಿತ, ಬಣ್ಣಗಳಿಗೆ ತಮ್ಮದೇ ಮಾತಿದೆ ಎಂದು ಅವರು ತೋರಿಸಿಕೊಟ್ಟರು.

ಆದರೂ ನನ್ನ ಮನಸ್ಸು ಮಾತಿನ ಕಡೆಗೇ. ಮಾತಿಲ್ಲದ ಆಟವನ್ನು ಜಗತ್ತು ನೋಡಿ ಮೆಚ್ಚುತ್ತದೆ. ಮಾತಿರುವ ಆಟ ಮೆಚ್ಚಿಸಿ ಸುಮ್ಮನಾಗುವುದಿಲ್ಲ, ಮರುದಿನ ತೋಟದಲ್ಲಿ ಅಡಿಕೆ ಹೆಕ್ಕುವಾಗ ‘ಕರ್ಣ ಹೇಳಿದ್ದು ಸರಿಯೇ?’ ಎಂಬ ಚರ್ಚೆಗೆ ಎಳೆಯುತ್ತದೆ. ಊರನ್ನು ಊರಾಗಿ ಇಟ್ಟಿರುವುದು ಆ ಚರ್ಚೆ.

ಸಮಾರಂಭಗಳ ಬಾಗಿಲಲ್ಲಿ ಯಕ್ಷಗಾನದ ವೇಷ ನಿಲ್ಲಿಸುತ್ತಾರೆ. ಇದರಿಂದ ಪ್ರಚಾರ ಸಿಗುವುದಿಲ್ಲವೆ?

ಚಿತ್ರ ಸಿಗುತ್ತದೆ. ಬಣ್ಣ ಹಚ್ಚಿಕೊಳ್ಳಲು ಗಂಟೆಗಟ್ಟಲೆ ಕನ್ನಡಿಯ ಮುಂದೆ ಕೂತ ಕಲಾವಿದನನ್ನು ಹಾಡಿಲ್ಲದೆ, ಮಾತಿಲ್ಲದೆ, ಬಂದವರಿಗೆ ಕೈಮುಗಿಯಲು ನಿಲ್ಲಿಸುವುದು ನನಗೆ ನೋವು ಕೊಡುತ್ತದೆ. ಅವನಿಗೆ ಅದರಿಂದ ಸಂಭಾವನೆ ಬರುತ್ತದೆ, ಮಳೆಗಾಲದಲ್ಲಿ ಅದು ಬೇಕಾಗಿಯೂ ಇರುತ್ತದೆ, ಹಾಗಾಗಿ ಒಪ್ಪಿಕೊಂಡ ಕಲಾವಿದನನ್ನು ನಾನು ದೂರುವುದಿಲ್ಲ. ಕರೆಸುವವರಲ್ಲಿ ಕೇಳಿಕೊಳ್ಳುವುದು ಇಷ್ಟೆ: ಒಬ್ಬ ಭಾಗವತರನ್ನೂ ಕರೆಸಿ, ಕಾಲು ಗಂಟೆ ಕುಣಿಯಲು ಬಿಡಿ.

ನಾವು ಮುಂಬೈಯಲ್ಲಿ, ಮಗನ ಮನೆ ದುಬೈಯಲ್ಲಿ. ಮೊಮ್ಮಗಳಿಗೆ ಕನ್ನಡ ಓದಲು ಬಾರದು. ಅವಳು ಯಕ್ಷಗಾನ ಕಲಿತರೆ ಏನು ಪ್ರಯೋಜನ?

ಮುಂಬೈಗೆ ಹೋದ ಕರಾವಳಿಯವರು ಹಗಲು ಹೋಟೆಲಿನಲ್ಲಿ ದುಡಿದು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿದವರು, ಮಳೆಗಾಲದಲ್ಲಿ ಊರಿನ ಕಲಾವಿದರನ್ನು ಕರೆಸಿ ಆಟ ಆಡಿಸಿದವರು. ದುಬೈಯಲ್ಲಿಯೂ ಈಗ ಮಕ್ಕಳಿಗೆ ಕಲಿಸುವವರಿದ್ದಾರೆ. ಅಕ್ಷರ ಬಾರದಿದ್ದರೂ ಸೇರಿಸಿ. ಮೊದಲು ತಾಳ ಬರುತ್ತದೆ, ಹಿಂದೆಯೇ ಪದ, ಅದರ ಹಿಂದೆ ಮಾತು. ಹಳ್ಳಿಯ ಎಷ್ಟೋ ಜನ ಕಲಿತದ್ದು ಇದೇ ಅನುಕ್ರಮದಲ್ಲಿ. ಅವಳಿಗೆ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಬಾಯಿಪಾಠ ಮಾಡಿಸುವುದಕ್ಕಿಂತ ಎರಡೇ ವಾಕ್ಯವನ್ನು ಅವಳಾಗಿಯೇ ಕಟ್ಟಲು ಬಿಡಿ.

ಒಮ್ಮೆಯೂ ನೋಡಿಲ್ಲ. ಎಲ್ಲಿಂದ ಆರಂಭಿಸಲಿ?

ಡಿಸೆಂಬರಿನಿಂದ ಏಪ್ರಿಲ್ ನಡುವೆ ಕರಾವಳಿಗೆ ಬನ್ನಿ. ಹರಕೆಯ ಬಯಲಾಟಕ್ಕೆ ಟಿಕೆಟ್ ಇಲ್ಲ, ಆಮಂತ್ರಣವೂ ಬೇಡ, ಊಟ ಬಡಿಸಿದರೆ ಬೇಡ ಎನ್ನಬೇಡಿ. ಕತ್ತಲಾದ ಮೇಲೆ, ಆಟಕ್ಕೆ ಮೊದಲು, ಕೇಳಿ ಬಡಿಯುತ್ತಾರೆ. ಇವತ್ತು ಇಲ್ಲಿ ಆಟ ಉಂಟು ಎಂದು ಚೆಂಡೆ ಮದ್ದಳೆಗಳು ಸುತ್ತಲಿಗೆ ಸಾರುವ ಕ್ರಮ ಅದು. ಸಾಧ್ಯವಾದರೆ ಅಷ್ಟು ಹೊತ್ತಿಗೆ ಗದ್ದೆಯ ಅಂಚಿನಲ್ಲಿ ಇರಿ. ಚೌಕಿಯ ಹತ್ತಿರ ಹೋಗಿ ಬಣ್ಣ ಹಚ್ಚಿಕೊಳ್ಳುವುದನ್ನು ದೂರದಿಂದ ನೋಡಬಹುದು, ಚಪ್ಪಲಿ ಹೊರಗೆ ಬಿಡಿ. ಮೊದಲ ಸಾಲಿನ ಕುರ್ಚಿ ಬೇಡ. ಹಿಂದೆ, ಚಾಪೆ ಹಾಸಿಕೊಂಡ ಅಜ್ಜಿಯರ ಪಕ್ಕ ಕುಳಿತುಕೊಳ್ಳಿ. ಕಥೆ ಎಲ್ಲಿಯವರೆಗೆ ಬಂತು ಎಂದು ಅವರು ಹೇಳುತ್ತಾರೆ.